ಬ್ಯಾಡಗಿಗೆ ಅರ್ಧ ಕಿಲೋ

ರಾಣೆಬೆನ್ನೂರು
6 ಮಾರ್ಚ್ 2008

ಅಪ್ಪಾಜಿಗೆ ಭುವನಾಳ ನಮಸ್ಕಾರ.

ನಿಮ್ಮ ಮಾತು ಮೀರಿ ಮದುವೆಯಾದ ಮೇಲೆ ಇದೇ ಮೊದಲ ಪತ್ರ. ಓದದೆ ಹರಿಯಬೇಡಿ.

ನಮ್ಮ ಖಾರದ ಪುಡಿಗೆ ಇಂಟರ್‌ನೆಟ್ಟಿನಲ್ಲಿ ಜಾಹೀರಾತು ಕೊಟ್ಟಿದ್ದೇವೆ. ಅದನ್ನು ಒತ್ತಿದವರೆಲ್ಲ ಗಿರಾಕಿಗಳಲ್ಲ. ಆರ್ಡರ್ ಮಾಡಿ ಕೊನೆಯ 'ಧನ್ಯವಾದ' ಪುಟ ಮುಟ್ಟಿದವರನ್ನಷ್ಟೇ ಕಂಪ್ಯೂಟರ್ ಕನ್ವರ್ಷನ್ ಎಂದು ಎಣಿಸುತ್ತದೆ. ಇಪ್ಪತ್ತು ದಿನ ಸೊನ್ನೆಯೇ ಇತ್ತು. ಒಲೆ ಮೇಲೆ ಹಾಲಿಟ್ಟವಳಂತೆ ಎದ್ದೆದ್ದು ಬಂದು ನೋಡುತ್ತಿದ್ದೆ. ನಿನ್ನೆ ಒಂದಾಯಿತು. ಬ್ಯಾಡಗಿಗೆ ಅರ್ಧ ಕಿಲೋ.

ನಿಮ್ಮ ಅಳಿಯ ಕೊಟ್ರೇಶ ನಕ್ಕುಬಿಟ್ಟರು. "ಬ್ಯಾಡಗ್ಯಾಗ ಕುಂತು ಇಂಟರ್‌ನೆಟ್ಟಿನಾಗ ಖಾರಪುಡಿ ತರಿಸೋರು ಯಾರದಾರ? ಯಾರೋ ಚಾಷ್ಟಿ ಮಾಡ್ಯಾರ, ಬಿಡು."

ಆರ್ಡರಿನಲ್ಲಿ ಹೆಸರು ಮೈಲವ್ವ ಎಂದಿತ್ತು. ಆ ಹೆಸರಿನ ನಮ್ಮ ಅಜ್ಜಿ ತೀರಿ ಆರು ವರ್ಷವಾಯಿತು. ಫೋನ್ ನಂಬರು ನಿಮ್ಮ ಮೆಣಸಿನಕಾಯಿ ಅಂಗಡಿಯದು. ಆರ್ಡರ್ ನಿಮ್ಮದೆಂದು ಕೊಟ್ರೇಶರಿಗೆ ಇನ್ನೂ ಹೇಳಿಲ್ಲ.

ಇನ್ನು ಮುಂದೆ ಜಾಹೀರಾತು ಒತ್ತಬೇಡಿ. ಒತ್ತಿದ ಪ್ರತಿ ಸಲವೂ ಜಾಹೀರಾತಿನ ಕಂಪನಿಗೆ ನಮ್ಮ ದುಡ್ಡು ಹೋಗುತ್ತದೆ.

ಪೊಟ್ಟಣವನ್ನು ಅಂಚೆಗೆ ಹಾಕಿಲ್ಲ. ಭಾನುವಾರ ನಾನೇ ತರುತ್ತೇನೆ. ವಿಳಾಸದಲ್ಲಿ ನೀವು ಬರೀ ಬ್ಯಾಡಗಿ ಎಂದು ಬರೆದಿದ್ದೀರಿ. ಅಂಗಡಿಯಲ್ಲಿ ಕೊಟ್ಟು ಹೊರಡಲೋ, ಮನೆಗೆ ಬರಲೋ?

ನಿಮ್ಮ ಮಗಳು
ಭುವನಾ