ಐದನೆಯ ಕಪ್ಪು ಮನೆ

ಜುಲೈ ೨೮, ೧೯೬೪. ಬೆಳಿಗ್ಗೆ ೭

ಮೌನದ ಹನ್ನೆರಡನೇ ದಿನ. ತುಳಸಿ ಕಷಾಯ, ಹಬೆ, ಮತ್ತೆ ಕಷಾಯ. ಗಂಟಲಿನ ಗಂಟು ತೆಗೆದ ಡಾಕ್ಟರು ಹೇಳಿದ್ದು ಇಪ್ಪತ್ತೊಂದು ದಿನ. ಪಿಸುಮಾತೂ ಕೂಡದು. ಅದಕ್ಕೇ ಈ ನೋಟ್‌ಬುಕ್ಕು.

ಬಾಗಿಲಿಗೆ ಬರುವ ಮೀನಿನವನು ಇವತ್ತು ಕಿವಿರು ಕಪ್ಪಾದ ಹಳಸಲು ಹಿಲ್ಸಾ ತೂಗಿಕೊಟ್ಟ. ನನ್ನೆದುರೇ! ಬೈಯಲು ದನಿ ಇಲ್ಲವೆಂದು ಗೊತ್ತು, ಕಳ್ಳನಿಗೆ. ಸೋದರತ್ತೆ ಪಿಶಿಮಾ ಹೇಳುತ್ತಾಳೆ — ‘ಅಯ್ಯೋ, ಕಲ್ಕತ್ತೆಗೆಲ್ಲ ಹಾಡೋಳು, ಮೀನಿನವನ ಮುಂದೆ ಮೂಗಿ!’ ನಗು ಉಕ್ಕಿತು. ನಗುವೂ ಕೂಡದು.

ಜುಲೈ ೩೧

ರೆಕಾರ್ಡ್ ಕಂಪನಿಯ ಮ್ಯಾನೇಜರ್ ಬಂದಿದ್ದರು. ಕೈಯಲ್ಲಿ ಸಂದೇಶ್ ಡಬ್ಬಿ. ಸಿಹಿ ತಂದರೆಂದರೆ ಸುದ್ದಿ ಕಹಿ.

‘ಪೂಜೆ ಹಾಡಿನ ರೆಕಾರ್ಡಿಂಗು ಆಗಸ್ಟ್ ಹತ್ತಕ್ಕೆ ಆಗ್ಲೇಬೇಕು ದೀದಿ. ಇಲ್ಲಾಂದ್ರೆ ನಿಮ್ಮ ಶಿಷ್ಯೆ ಮಂಜರಿ ಹಾಡ್ಲಿ. ಈ ವರ್ಷ ಒಂದ್ಸಲ ಅಷ್ಟೇ.’

ಹತ್ತೊಂಬತ್ತು ದುರ್ಗಾಪೂಜೆ, ಪ್ರತಿ ಪೂಜೆಗೂ ನನ್ನದೊಂದು ಹೊಸ ರೆಕಾರ್ಡು. ಒಂದೂ ತಪ್ಪಿಸಿಲ್ಲ. ಅಮ್ಮ ಸತ್ತ ವರ್ಷವೂ ಹಾಡಿದೆ. ಒಮ್ಮೆ ಪೆಂಡಾಲಿನಲ್ಲಿ ಬೇರೆ ದನಿ ಕೂತಿತೋ, ಜನ ನನ್ನನ್ನು ಹುಡುಕಿಕೊಂಡು ಬರುವುದಿಲ್ಲ. ಭಯವಾಗುತ್ತಿದೆ... ಬರೆದೇಬಿಟ್ಟೆ.

ಆಗಸ್ಟ್ ೭

ಮಾತಾಡಿ ಅಂದರು ಡಾಕ್ಟರು. ಮಾತು ಬಂತು. ದಪ್ಪಗಿದೆ, ಯಾರದೋ ಮಾತಿನಂತೆ.

ಮನೆಗೆ ಬಂದು ಬಾಗಿಲು ಹಾಕಿ ಹಾರ್ಮೋನಿಯಂ ತೆಗೆದೆ. ಐದನೆಯ ಕಪ್ಪು ಮನೆ — ಮೊದಲ ರೆಕಾರ್ಡಿನಿಂದಲೂ ನನ್ನ ಷಡ್ಜ ಅದೇ. ಮೇಲಿನ ಷಡ್ಜಕ್ಕೆ ಹೋದರೆ ಬರೀ ಗಾಳಿ. ಮತ್ತೊಮ್ಮೆ. ಗಾಳಿ.

ಮಂಜರಿಗೆ ಹೇಳಿ ಕಳಿಸಬೇಕು. ನಾಳೆ.

ಆಗಸ್ಟ್ ೯

ಕಳಿಸಲಿಲ್ಲ. ಕಳಿಸುವ ಮೊದಲೇ ಖಗೇನ್‌ದಾ ಬಂದರು. ಹತ್ತೊಂಬತ್ತು ವರ್ಷದಿಂದ ನನಗೆ ಹಾರ್ಮೋನಿಯಂ ನುಡಿಸುವವರು. ನನ್ನನ್ನು ಕೇಳದೆಯೇ ಒಂದು ಮೆಟ್ಟಿಲು ಕೆಳಗೆ, ನಾಲ್ಕನೆಯ ಕಪ್ಪು ಮನೆಯ ಮೇಲೆ ಬೆರಳಿಟ್ಟರು. ಕೈ ತಳ್ಳಿದೆ.

‘ಸಾಯ್ತೀನಿ, ಕೆಳಗಿಳಿಯಲ್ಲ!’

‘ಎರಡು ವರ್ಷದಿಂದ ಮೇಲಿನ ಸ್ವರಕ್ಕೆ ಕಿರುಚ್ತಾ ಇದ್ದೀಯಲ್ಲ ತಾಯಿ. ಗಂಟು ಎಲ್ಲಿಂದ ಬಂತು ಅಂದ್ಕೊಂಡೆ?’

‘ಅವತ್ತೇ ಬಾಯಿ ಬಿಡಬಾರ್ದಿತ್ತಾ?’

‘ಬಿಟ್ಟಿದ್ರೆ ಪಾನ್ ಡಬ್ಬಿ ನನ್ನ ತಲೆ ಮೇಲೆ ಬೀಳ್ತಿತ್ತು.’

ಒಳಗಿನಿಂದ ಪಿಶಿಮಾ — ‘ಡಬ್ಬಿ ನಾನು ಬಚ್ಚಿಟ್ಟಿದ್ದೀನಿ. ಹಾಡೇ, ಸುಮ್ನೆ!’

ಹಾಡಿದೆ. ಬಂತು. ನಾಲ್ಕನೆಯ ಮನೆಯಿಂದ ಮೇಲಿನ ಷಡ್ಜವೂ ಬಂತು, ಒದ್ದಾಡದೆ. ಅತ್ತುಬಿಟ್ಟೆ. ಖಗೇನ್‌ದಾ ತಿದಿ ನಿಲ್ಲಿಸಲಿಲ್ಲ, ಮುಂದಿನ ಸಾಲಿಗೆ ಹೋದರು. ಎರಡು ವರ್ಷದಿಂದ ಪ್ರತಿ ಕಚೇರಿಗೆ ಮೊದಲು ದೇವರಿಗೆ ಹರಕೆ ಹೊರುತ್ತಿದ್ದುದು ಈ ಒಂದು ಮನೆಗಾಗಿಯೇ? ಎಂಥ ಹುಚ್ಚಿ ನಾನು! ಎಷ್ಟು ಹಗುರವಾಯಿತು ಜೀವ.

ಆಗಸ್ಟ್ ೧೦, ಸಂಜೆ ೫

ಮೂರನೇ ಟೇಕ್ ಓಕೆ. ಇಪ್ಪತ್ತನೇ ಪೂಜೆ ಹಾಡು! ಮಂಜರಿ ಕಾಲಿಗೆ ಬಿದ್ದು ಅಂದಳು — ‘ಅಬ್ಬಾ, ಬದುಕಿದೆ ದೀದಿ. ನಿಮ್ಮ ಜಾಗದಲ್ಲಿ ಹಾಡಿದ್ರೆ ಜನ ನನ್ನನ್ನ ಬಿಡ್ತಿದ್ರಾ?’ ಪಾಪ, ಅವಳೂ ಹರಕೆ ಹೊತ್ತಿದ್ದಳಂತೆ.

ಈಗಷ್ಟೇ ಮನೆಗೆ ಬಂದೆ. ಚಹಾ ಕುಡಿಯುತ್ತಾ... ಕೆಳಗೆ ಮೀನಿನವನ ಕೂಗು. ‘ತಾಜಾ ಹಿಲ್ಸಾ’ ಅಂತೆ! ತಾಳು ಮಗನೇ, ಹದಿಮೂರು ದಿನದ ಬೈಗುಳ ಬಾಕಿ ಇದೆ. ಬರೆದಿದ್ದು ಸಾಕು, ಕಿಟಕಿ ತೆ—