ಗಾಲಿ ಇಳಿಸದೆ ಬಂದ ಹುಡುಗ

ಹಳ್ಳಿಮೈಸೂರು, ೧೯೪೪

ಮಗು ಶಿವರುದ್ರ,

ಚಿರಂಜೀವಿ ಎಂದು ಬರೆಯಹೋಗಿ ಕೈ ನಿಂತಿತು. ನಿನ್ನ ವಿಮಾನ ಇಳಿಯುವಾಗ ಬಿದ್ದು, ನೀನು ಹೋಗಿ ವರ್ಷವಾಯಿತು. ಕಾರಣವನ್ನು ಯಾರೂ ತಿಳಿಸಲಿಲ್ಲ.

ಇವತ್ತು ಇಲ್ಲಿ ಸೇನೆಯವರು ಸಮತಟ್ಟು ಮಾಡಿದ ಬಯಲಿಗೆ ತರಬೇತಿಯ ವಿಮಾನವೊಂದು ಗಾಲಿ ಇಳಿಸದೆಯೇ ಬಂತು. "ದಿನಾ ಕೊಕ್ಕರೆ ಅಂಗೆ ಕಾಲ್ ಬುಟ್ಕಂಡು ಇಳೀತಿತ್ತು, ಇವತ್ತು ಮಡಿಚ್ಕಂಡೇ ಬತ್ತಾ ಅದಲ್ಲಲಾ!" ಎಂದು ಪಕ್ಕದ ಹೊಲದ ಕೆಂಪಣ್ಣ ಟವಲು ಬೀಸಿ ಕೂಗಿದನಂತೆ. ಹೊಲದಲ್ಲಿದ್ದವರೆಲ್ಲ ಬೀಸಿದರಂತೆ. ವಿಮಾನ ಹಾರಿಸುತ್ತಿದ್ದ ಹುಡುಗ ತಾನೂ ಕೈ ಬೀಸಿದನಂತೆ. ವಿಮಾನ ಹೊಟ್ಟೆಯ ಮೇಲೆ ಉಜ್ಜಿಕೊಂಡು ಹೋಗಿ ನಿಂತಿತು. ಪುಣ್ಯಕ್ಕೆ ಅವನ ಹಣೆಯಷ್ಟೇ ಒಡೆಯಿತು.

ಇಂಗ್ಲಿಷ್ ಬಲ್ಲವಳೆಂದು ನನ್ನನ್ನು ಕರೆಸಿದರು. "ಗಾಲಿ ಸಿಕ್ಕಿಕೊಂಡಿರಬೇಕು, ಮೇಡಂ. ಅವರೆಲ್ಲ ಏನು ಕೂಗುತ್ತಿದ್ದರು?" ಎಂದು ಹುಡುಗ ಕೇಳಿದ. ನಿನ್ನದೇ ವಯಸ್ಸು.

"ಕಾಲ್ ಬುಡಾದ್ನೇ ಮರ್ತವ್ನೆ ಅನ್ನಿ ಅಮ್ಮಾವ್ರೆ," ಎಂದ ಕೆಂಪಣ್ಣ.

ನಾನು, "ನಿನ್ನನ್ನು ಸ್ವಾಗತಿಸುತ್ತಿದ್ದರು" ಎಂದುಬಿಟ್ಟೆ. ಹುಡುಗ ಎಲ್ಲರಿಗೂ ಕೈಮುಗಿದ.

ಯಾರ ಮನಸ್ಸು ನೋಯದಿರಲೆಂದು ಆ ಸುಳ್ಳು ಹೇಳಿದೆ? ಗಾಯ ಮಾಗಿದೊಡನೆ ಅವನು ಮತ್ತೆ ಹಾರುತ್ತಾನೆ. ತಾನು ಗಾಲಿ ಇಳಿಸಲು ಮರೆತದ್ದು ಅವನಿಗೆ ಗೊತ್ತೇ ಇಲ್ಲ.

ಅವನನ್ನು ಕರೆದೊಯ್ಯುವ ಲಾರಿಯ ಸದ್ದು ಕೇಳುತ್ತಿದೆ. ಇಷ್ಟಕ್ಕೇ ನಿಲ್ಲಿಸುತ್ತೇನೆ, ಮಗು. ಅದು ಹೊರಡುವ ಮುನ್ನ ಓಡಬೇಕು.