ತೊಂದರೆಯೇ ಇಲ್ಲದ ಕಂಪನಿ

ನವುಲೆ, ಶಿವಮೊಗ್ಗ
ಬುಧವಾರ, ೨೪ ಜುಲೈ ೨೦೨೪

ಸತ್ಯಭಾಮಾ ಟೀಚರಿಗೆ, ಅಂದರೆ ನಮ್ಮಮ್ಮನಿಗೆ, ಮಧುವಿನ ನಮಸ್ಕಾರ.

ಮಂಡಿ ಹೇಗಿದೆ ಅಮ್ಮ? ಇಲ್ಲಿಯ ಮಂಡಿಯಲ್ಲಿ ಅಡಿಕೆ ದರ ಏರಿದೆಯಂತೆ; ಹುಬ್ಬಳ್ಳಿಯಲ್ಲಿ ನಿನ್ನ ಮಂಡಿಯ ನೋವು ಇಳಿದಿದ್ದರೆ ಸಾಕು. ಚಿಕ್ಕಮ್ಮ ಹಚ್ಚುವ ಎಣ್ಣೆಗೆ ಮೂಗು ಮುರಿಯಬೇಡ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಾದರೆ ನಡುವೆಯೇ ಬೈಯುತ್ತೀಯ. ಪತ್ರಕ್ಕಾದರೆ ಕೊನೆಯವರೆಗೂ ಕಾಯಲೇಬೇಕು.

ನಮ್ಮ ಕಾಲೇಜಿನ ಬಿಬಿಎ ಮಕ್ಕಳು ಈ ಸಲ ತಂಡ ಕಟ್ಟಿಕೊಂಡು ಒಂದೊಂದು ಸ್ಟಾರ್ಟಪ್‌ನಲ್ಲಿ ಹತ್ತು ವಾರ ಕೂತು, ಅದರ ಒಂದು ತೊಂದರೆ ಬಿಡಿಸಿ ವರದಿ ಕೊಡಬೇಕು. ಕಂಪನಿ ಹುಡುಕುವ ಕರ್ಮ ನನ್ನದು. ಊರಿನಲ್ಲಿ ಸ್ಟಾರ್ಟ್ ಆದ ಕಂಪನಿಗಳಿಗೆ ಬರವಿಲ್ಲ; ಅಪ್ ಆಗಿರುವುದು ಬೋರ್ಡು ಮಾತ್ರ. ಒಬ್ಬನಂತೂ ಪೂಜೆ ಮುಗಿಸಿ, ವಿಸಿಟಿಂಗ್ ಕಾರ್ಡ್ ಹಂಚಿ, "ಏನು ಮಾರ್ಬೇಕು ಅಂತ ನಿಮ್ಮ ಮಕ್ಕಳೇ ಹೇಳ್ಲಿ ಸಾರ್" ಅಂದ. ಹೇಗೋ ನಾಲ್ಕು ತಂಡಗಳನ್ನು ದಡ ಸೇರಿಸಿದೆ. ಉಳಿದದ್ದು ರಶ್ಮಿಯ ತಂಡ. ಶನಿವಾರದೊಳಗೆ ಒಪ್ಪಿಗೆ ಪತ್ರಕ್ಕೆ ಯಾರಾದರೂ ಸಹಿ ಹಾಕದಿದ್ದರೆ ಆ ತಂಡದ ನಾಲ್ವರಿಗೂ ಸೆಮಿಸ್ಟರ್ ಹೋದಂತೆಯೇ.

ಭದ್ರಾವತಿಯ ಜ್ಞಾನೇಶ್ ಎಂಬವನು ಮದುವೆಮನೆಗಳಿಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ಆಪ್ ಮಾಡಿದ್ದಾನೆಂದು ಗೊತ್ತಾಯಿತು. ಅವನ ತಂದೆ ಶಿವಯೋಗಪ್ಪನವರಿಗೆ ಫೋನ್ ಮಾಡಿ, "ಹುಡುಗನ ಬಿಸಿನೆಸ್ ಬಗ್ಗೆ ಸ್ವಲ್ಪ ವಿಚಾರಿಸಬೇಕಿತ್ತು, ಭಾನುವಾರ ಬರಬಹುದಾ?" ಎಂದೆ. ಮದುವೆ ವಯಸ್ಸಿನ ಹುಡುಗನಿರುವ ಮನೆಗೆ ಹಾಗೆ ಹೇಳಿಕೊಂಡು ಬರುವವರು ಯಾರೆಂದು ನನಗೆ ಹೊಳೆಯಲಿಲ್ಲ. ಸಾಲದ್ದಕ್ಕೆ, ಬರಿಗೈಯಲ್ಲಿ ಹೋಗಬಾರದೆಂಬ ನಿನ್ನ ಪಾಠದಂತೆ ಬಾಳೆಹಣ್ಣು, ಮಲ್ಲಿಗೆ ಹಿಡಿದು, ರಶ್ಮಿಯನ್ನೂ ಕರೆದುಕೊಂಡು ಹೋದೆ.

ಹೊಸಿಲ ಮುಂದೆ ರಂಗೋಲಿ, ತಟ್ಟೆಯಲ್ಲಿ ಕೇಸರಿಬಾತು, ಇಸ್ತ್ರಿ ಅಂಗಿಯಲ್ಲಿ ಹುಡುಗ. ಸ್ಟಾರ್ಟಪ್ಪಿನವರು ಎಷ್ಟು ಸಂಸ್ಕಾರವಂತರು ಎಂದುಕೊಂಡೆ! "ತೊಂದರೆ ಏನಾದ್ರೂ ಇದೆಯಾ?" ಎಂದು ಕೇಳಿದರೆ ತಾಯಿ ಜಗದಾಂಬಾ, "ಒಂದೂ ಇಲ್ಲ ಸಾರ್. ಕುಡಿಯಲ್ಲ, ಸೇದಲ್ಲ" ಅಂದರು. "ಹಾಗಂದ್ರೆ ಆಗಲ್ಲ ತಾಯಿ, ಒಂದಾದ್ರೂ ತೊಂದ್ರೆ ಇರೋನೇ ನಮಗೆ ಬೇಕು" ಅಂದೆ. ಶಿವಯೋಗಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ ರಶ್ಮಿಯ ಕಡೆ ತಿರುಗಿದರು. "ಲೆಕ್ಕದಲ್ಲಿ ಚುರುಕು" ಎಂದೆ. "ಅಡುಗೆ?" "ಸಿಲಬಸ್‌ನಲ್ಲಿಲ್ಲ." "ನಮ್ಮನೆಗೆ ಹೊಂದ್ಕೊಂಡು ಹೋಗ್ತಾಳಾ?" "ಹತ್ತು ವಾರ ತಾನೇ ಸಾರ್! ಆಮೇಲೆ ರಿಪೋರ್ಟ್ ಕೊಟ್ಟು ಹೊರಟುಬಿಡ್ತಾಳೆ. ಮುಂದಿನ ವರ್ಷ ಬೇರೆಯವರನ್ನ ಕಳಿಸ್ತೀನಿ."

ಜಗದಾಂಬಾ ಅವರ ಕೈಯಲ್ಲಿದ್ದ ಕೇಸರಿಬಾತಿನ ಚಮಚ ಗಾಳಿಯಲ್ಲೇ ನಿಂತಿತು. ಮೊದಲು ಅರ್ಥವಾದದ್ದು ರಶ್ಮಿಗೆ. "ಸಾರ್, ಇವರು ಹುಡುಗನಿಗೆ ಹೆಣ್ಣು ಅಂತ ನನ್ನನ್ನೇ ನೋಡ್ತಿದಾರೆ ಮಾರಾಯ್ರೆ!" ಎಂದು ಎದ್ದು ನಿಂತಳು. ವಿಷಯ ತಿಳಿದ ಮೇಲೆ ಎಲ್ಲರಿಗಿಂತ ಹೆಚ್ಚು ನಕ್ಕವನು ಜ್ಞಾನೇಶ್. ನಗುತ್ತಲೇ ಗೋದಾಮು ತೆರೆದು ತೋರಿಸಿದ: ಬಾಡಿಗೆಗೆ ಹೋದ ಸೌಟುಗಳಲ್ಲಿ ಅರ್ಧದಷ್ಟು ಮದುವೆಮನೆಯಿಂದ ವಾಪಸ್ ಬರುವುದೇ ಇಲ್ಲವಂತೆ. ಎಂಥ ಚೆಂದದ ತೊಂದರೆ! ಆದರೆ ಕಂಪನಿ ಇರುವುದು ತಂದೆಯ ಹೆಸರಿನಲ್ಲಿ; ಸಹಿಗೆಂದು ಪೆನ್ನು ತೆರೆದಿದ್ದ ಶಿವಯೋಗಪ್ಪನವರು ಅದರ ಮುಚ್ಚಳ ಹಾಕಿ, "ಸೌಟು ಕಾಯೋಕಾಗದವನು ಅಂತ ನೀವು ಕಾಲೇಜಲ್ಲಿ ಓದಿ ಹೇಳಿದ್ಮೇಲೆ ಇವನಿಗೆ ಹೆಣ್ಣು ಕೊಡೋರ್ಯಾರು?" ಅಂದರು. ಒಂದು ಗಂಟೆ ಕಾಡಿಬೇಡಿದ ಮೇಲೆ ಮುಚ್ಚಳ ತೆಗೆದರು. ಮಕ್ಕಳು ನಿನ್ನೆಯಿಂದ ಗೋದಾಮಿನಲ್ಲಿದ್ದಾರೆ.

ಬಿಸಿನೀರಿನ ಕಾವು ತಪ್ಪಿಸಬೇಡ. ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ನನಗೆ ಈ ವಾರ ತುಸು ಹೆಚ್ಚೇ ಬೇಕು.

ನಿನ್ನ
ಮಧುಸೂದನ

ತಾ.ಕ.: ಒಪ್ಪಿಗೆ ಪತ್ರದಲ್ಲಿ "ಕಾಲೇಜಿನಿಂದ ಕಂಪನಿಗೆ ಆಗುವ ಪ್ರಯೋಜನ" ಎಂಬ ಖಾಲಿ ಜಾಗವಿತ್ತು. ಶಿವಯೋಗಪ್ಪನವರು ಅಲ್ಲಿ "ಹುಡುಗನಿಗೆ ಹೆಣ್ಣು ಹುಡುಕಿಕೊಡುವುದು" ಎಂದು ಬರೆದೇ ಸಹಿ ಹಾಕಿದ್ದು. ಹತ್ತು ವಾರದೊಳಗೆ ಒಂದು ಮನೆಯವರಾದರೂ ನೋಡಲು ಬರದಿದ್ದರೆ ಮಕ್ಕಳಿಗೆ ಸರ್ಟಿಫಿಕೇಟು ಇಲ್ಲವಂತೆ. ಕಾಲೇಜಿನ ಮೊಹರು ಬಿದ್ದಾಗಿದೆ. ಪ್ರಿನ್ಸಿಪಾಲರು ಇನ್ನೂ ಓದಿಲ್ಲ. ಮೂವತ್ತು ವರ್ಷ ಭದ್ರಾವತಿಯ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು ನೀನು; ಅವರ ಮಕ್ಕಳೆಲ್ಲ ಈಗ ಮದುವೆಗೆ ಬಂದಿರಬೇಕು. ಒಪ್ಪಿಗೆ ಪತ್ರದಲ್ಲಿ ಆ ಪ್ರಯೋಜನದ ಕೆಳಗೆ "ಜವಾಬ್ದಾರಿ ಯಾರದು" ಎಂಬ ಇನ್ನೊಂದು ಖಾಲಿ ಜಾಗವೂ ಇತ್ತು. ಅಲ್ಲಿ ನಿನ್ನ ಹೆಸರು ಬರೆದಿದ್ದೇನೆ.